ಗೆರೆಯ ಆಚೆಗಿನ ನೋವು

ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳಲ್ಲಿ ನಾನು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದೆ. ಡಾಕ್ಟರನ್ನು, ನರ್ಸುಗಳನ್ನು, ನೆಲ ಒರೆಸಲು ಬರುತ್ತಿದ್ದ ಹೆಂಗಸನ್ನೂ. "ಈ ಕಾಯಿಲೆ ಬಂದು ವಾಸಿಯಾಗಿ ಮನೆಗೆ ಹೋದೋರು ಯಾರಾದ್ರೂ ಇದಾರಾ?" ಇದ್ದಾರೆ ಎಂದು ಡಾಕ್ಟರು ಹೇಳುತ್ತಿದ್ದರು. ಆದರೆ ಅಂಥವರು ಒಬ್ಬರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಿ.ಪಿ. ಇರುವವರು, ಮಂಡಿನೋವಿನವರು, ಹಾರ್ಟ್ ಆಪರೇಷನ್ ಆದವರು ನಮ್ಮ ನೆಂಟರಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಮಾಂಸದ ಪದರದೊಳಗೆ ಸೋಂಕು ಹೊಕ್ಕು ಬದುಕಿ ಬಂದವರನ್ನು ನಾನು ಕೇಳಿಯೇ ಇರಲಿಲ್ಲ. ಅಂಥವರೊಬ್ಬರು ಬಂದು ಮಂಚದ ಪಕ್ಕ ಕೂತು, "ನಂಗೂ ಹಿಂಗೇ ಆಗಿತ್ತು ಕಣಮ್ಮ, ಈಗ ಓಡಾಡ್ಕೊಂಡಿದೀನಿ ನೋಡು" ಅಂದಿದ್ದರೆ ಎಷ್ಟೋ ಧೈರ್ಯ ಬರುತ್ತಿತ್ತು. ಈಗ ನಾನು ಓಡಾಡಿಕೊಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ವಿಜಯಲಕ್ಷ್ಮಿ. ತವರು ಸೂಲಿಬೆಲೆ, ಕೊಟ್ಟ ಊರು ಆವತಿ. ಯಜಮಾನರು ಮುನಿರಾಜು. ರಸ್ತೆಗೆ ಹೋಗಿ ಉಳಿದ ಜಮೀನಿನಲ್ಲಿ ದ್ರಾಕ್ಷಿ ಇಟ್ಟಿದ್ದಾರೆ, ಹಸುಗಳಿವೆ. ಮನೆಯಲ್ಲಿ ಅತ್ತೆ ಪಿಳ್ಳಮ್ಮ, ಮಗಳು ಸಹನಾ. ನಾನು ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ವಿಮಾನ ನಿಲ್ದಾಣ ಶುರುವಾಗುವ ಮೊದಲು ಊರಿನ ಬಸ್ಸುಗಳಲ್ಲಿ ಸೊಪ್ಪಿನ ಗಂಟು, ಹಾಲಿನ ಕ್ಯಾನುಗಳ ನಡುವೆ ಟಿಕೆಟ್ ಹರಿಯುತ್ತಿದ್ದೆ. ಆಮೇಲೆ ಚಕ್ರದ ಸೂಟ್‌ಕೇಸುಗಳ ನಡುವೆ.

ಕಾಯಿಲೆ ಬಂದದ್ದು ಅಂಥದೊಂದು ಸೂಟ್‌ಕೇಸಿನಿಂದ. ಹೆಬ್ಬಾಳ ದಾಟಿ ಬಸ್ಸು ವೇಗ ಹಿಡಿದಿತ್ತು. ಲಗೇಜು ಇಡುವ ಜಾಗದಿಂದ ದೊಡ್ಡ ಪೆಟ್ಟಿಗೆಯೊಂದು ಜಾರಿ ಬಂದು ಅದರ ಮುರಿದ ಚಕ್ರದ ಅಂಚು ನನ್ನ ಎಡಗಾಲಿನ ಮೀನಖಂಡವನ್ನು ತರಚಿತು. ಪೆಟ್ಟಿಗೆಯ ಹುಡುಗಿ ಗಾಬರಿಯಾಗಿ, "ಸಾರಿ ಆಂಟಿ, ಸಾರಿ" ಅಂದಳು. "ಹೋಗ್ಲಿ ಬಿಡಮ್ಮ, ಫ್ಲೈಟ್ ತಪ್ಪಿಸ್ಕೋಬೇಡ" ಅಂದೆ. ಬಾಟಲಿ ನೀರಲ್ಲಿ ತೊಳೆದುಕೊಂಡೆ. ರಕ್ತ ಕೂಡ ಸರಿಯಾಗಿ ಬಂದಿರಲಿಲ್ಲ. ಮನೆಗೆ ಹೋಗಿ ಅರಿಶಿನ ಹಚ್ಚಿ ಮರೆತೂ ಬಿಟ್ಟೆ.

ಮಾರನೆಯ ದಿನ ಸಂಜೆ ಮುದ್ದೆ ತಿರುವುತ್ತಿದ್ದಾಗ ಕಾಲು ನೋಯತೊಡಗಿತು. ಮೊದಲು ಸೆಳೆತ ಅಂದುಕೊಂಡೆ. ಊಟಕ್ಕೆ ಬಡಿಸುವ ಹೊತ್ತಿಗೆ ಕಾಲೂರಲು ಆಗಲಿಲ್ಲ. ಆ ನೋವನ್ನು ಹೇಗೆ ಹೇಳಲಿ? ಸಹನಾ ಹುಟ್ಟಿದಾಗ ನಾನು ನೋವು ತಿಂದಿದ್ದೇನೆ. ಆ ನೋವು ಬಂದು ಬಂದು ಹೋಗುತ್ತದೆ, ನಡುವೆ ಉಸಿರಾಡಲು ಬಿಡುತ್ತದೆ. ಇದು ಬಿಡಲಿಲ್ಲ. ಕಾದ ಕಂಬಿಯೊಂದನ್ನು ಮೂಳೆಯ ಪಕ್ಕದಲ್ಲಿಟ್ಟು ಒಳಗಿನಿಂದ ಹೊರಕ್ಕೆ ನೂಕುತ್ತಿರುವಂತೆ ಇತ್ತು. ಹೊರಗೆ ನೋಡಿದರೆ ಮಾತ್ರ ತರಚಿದ ಗಾಯದ ಸುತ್ತ ವೀಳ್ಯದೆಲೆಯಷ್ಟು ಅಗಲ ಕೆಂಪಗಿತ್ತು, ಸ್ವಲ್ಪ ಊದಿತ್ತು. ಅಷ್ಟೇ.

"ನಿಂತೂ ನಿಂತೂ ನರ ಹಿಡ್ಕೊಂಡಿರ್ಬೇಕು" ಎಂದರು ಯಜಮಾನರು.

ಅತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿದರು. "ಸರ್ಪಸುತ್ತು ಇದ್ರೂ ಇರ್ಬೋದು ಕಣೋ. ಮೊದ್ಲು ಉರಿ ಬತ್ತದೆ, ಆಮೇಲೆ ಗುಳ್ಳೆ ಏಳ್ತವೆ. ಒಂದಿಷ್ಟು ಕೆಮ್ಮಣ್ಣು ಹಚ್ಚನ."

ಹಚ್ಚಿದರು. ತಣ್ಣಗಿದ್ದದ್ದು ನಿಜ. ನೋವು ಮಾತ್ರ ಇದ್ದ ಹಾಗೇ ಇತ್ತು.

ಬೆಳಿಗ್ಗೆ ಊರ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಅಲ್ಲಿನ ಡಾಕ್ಟರು ವಯಸ್ಸಾದವರು, ನಮ್ಮ ಮನೆಯವರಿಗೆಲ್ಲ ಅವರದೇ ಔಷಧಿ. ಕೆಮ್ಮಣ್ಣು ಒರೆಸಿ ನೋಡಿ, "ಚರ್ಮದ ಇನ್ಫೆಕ್ಷನ್ ಆಗಿದೆಯಮ್ಮ" ಎಂದು ಮಾತ್ರೆ ಬರೆದುಕೊಟ್ಟರು. ಆಮೇಲೆ ಬಾಲ್‌ಪೆನ್ ತೆಗೆದು ಕೆಂಪಿನ ಅಂಚಿಗೆ ಸರಿಯಾಗಿ ಸುತ್ತಲೂ ಒಂದು ಗೆರೆ ಎಳೆದರು. "ಕೆಂಪು ಈ ಗೆರೆ ದಾಟಿದ್ರೆ ಕಾಯ್ಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ. ದಾಟದಿದ್ರೆ ಮಾತ್ರೆ ಮುಗಿಸಿ ಬನ್ನಿ" ಎಂದರು. ಅವರ ಮೇಲೆ ನನಗೆ ಬೇಸರವಿಲ್ಲ. ಆ ಹೊತ್ತಿಗೆ ಕಾಲು ಹಾಗೆಯೇ ಕಾಣುತ್ತಿತ್ತು. ಹಾಗೆ ಕಾಣುವ ನೂರು ಕಾಲುಗಳು ಮಾತ್ರೆಯಲ್ಲೇ ವಾಸಿಯಾಗುತ್ತವೆ.

ಆ ದಿನವಿಡೀ ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಆ ಗೆರೆಯ ಮೇಲೇ. ಕಾಲೇಜಿನಿಂದ ಬಂದ ಸಹನಾ ಬಗ್ಗಿ ನೋಡಿ, "ದಾಟಿಲ್ಲಮ್ಮ" ಅಂದಳು. ಡೇರಿಗೆ ಹಾಲು ಹಾಕಿ ಬಂದ ಯಜಮಾನರು ನೋಡಿ, "ದಾಟಿಲ್ಲ, ಮಾತ್ರೆ ಹಿಡೀತಾ ಐತೆ" ಅಂದರು. ನನಗೂ ಸಮಾಧಾನವಾಗಬೇಕಿತ್ತು. ಆದರೆ ನೋವು ಹೆಚ್ಚುತ್ತಲೇ ಇತ್ತು. ಗೆರೆಯ ಒಳಗೆ ಇರುವುದಕ್ಕಿಂತ ಹೆಚ್ಚಾಗಿ ಗೆರೆಯಿಂದ ಮೇಲೆ, ಏನೂ ಇಲ್ಲದ ಚರ್ಮದ ಅಡಿಯಲ್ಲಿ ನೋಯುತ್ತಿತ್ತು. ಅದನ್ನು ಹೇಳಲು ನನಗೇ ಸಂಕೋಚವಾಯಿತು. ಏನೂ ಕಾಣದ ಜಾಗವನ್ನು ತೋರಿಸಿ ಇಲ್ಲಿ ನೋಯುತ್ತದೆ ಅಂದರೆ ಯಾರು ನಂಬುತ್ತಾರೆ? ಡ್ಯೂಟಿ ತಪ್ಪಿಸಿಕೊಳ್ಳಲು ನೆಪ ಹೇಳುವವರನ್ನು ಡಿಪೋದಲ್ಲಿ ನಾನೇ ಆಡಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಯಜಮಾನರು ತೋಟಕ್ಕೆ ಹೋಗಿದ್ದರು, ಮಗಳು ಕಾಲೇಜಿಗೆ. ನನಗೆ ಚಳಿ ಹತ್ತಿತ್ತು. ಬಾಯಿ ಒಣಗಿ ಎಷ್ಟು ನೀರು ಕುಡಿದರೂ ಸಾಲದು. ಅತ್ತೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು, "ಗಾಯ ಮುಟ್ಟಲ್ಲ ಕಣವ್ವ, ಮೇಲ್ಗಡೆ ಸ್ವಲ್ಪ ನೀವ್ತೀನಿ" ಎಂದು ಮೊಣಕಾಲಿನ ಕೆಳಗೆ ಬೆರಳಿಟ್ಟರು. ನಾನು ಕಿರುಚಿದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದರು.

ಅತ್ತೆ ಎಣ್ಣೆ ಬಟ್ಟಲು ಕೆಳಗಿಟ್ಟರು. "ಗೆರೆ ಆಚೆಗೂ ನೋಯ್ತದಾ?"

"ಮೊಣಕಾಲ್ ತನ್ಕ ನೋಯ್ತಾ ಐತೆ ಅತ್ತೆ. ನಿನ್ನೆಯಿಂದಾನೂ."

"ನಿನ್ನೆಯಿಂದ ಯಾಕವ್ವ ಸುಮ್ನಿದ್ದೆ?"

ನನಗೆ ಅಳು ಬಂತು. ಅವರು ನನ್ನ ಹಣೆ ಮುಟ್ಟಿದರು, ಕೈ ಮುಟ್ಟಿದರು. ಹಣೆ ಸುಡುತ್ತಿತ್ತು, ಕೈ ತಣ್ಣಗೆ ಬೆವರಿತ್ತು. ಅವರಿಗೆ ಫೋನ್ ಮಾಡಲು ಬರುವುದಿಲ್ಲ. ಪಕ್ಕದ ಮನೆಯವರ ಕೈಲಿ ಮಾಡಿಸಿ, ಫೋನು ಕಸಿದುಕೊಂಡು, "ಮುನಿರಾಜೂ, ಇರೋದೆಲ್ಲ ಬಿಟ್ಟು ಬಾರೋ. ಈಗ್ಲೇ ಬಾ" ಎಂದು ಕೂಗಿದರು.

ದ್ರಾಕ್ಷಿ ಸಾಗಿಸುವ ನಮ್ಮ ಟೆಂಪೋದ ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿದರು. ಕಾಲನ್ನು ಅತ್ತೆಯ ತೊಡೆಯ ಮೇಲಿಟ್ಟುಕೊಂಡೆ. ನಾನು ಮತ್ತೆ ಆ ಕ್ಲಿನಿಕ್ಕಿಗೇ ಹೋಗೋಣ ಅಂದೆ. ಪರಿಚಯದ ಜಾಗ, ಬೇಗ ಮನೆಗೆ ಬರಬಹುದು ಎಂಬ ಆಸೆ. ಯಜಮಾನರೇ ಗಾಡಿ ಓಡಿಸುತ್ತಿದ್ದರು. ಕ್ಲಿನಿಕ್ಕಿನ ತಿರುವು ಬಂದಾಗ ಗಾಡಿ ತಿರುಗಲಿಲ್ಲ. ನೇರ ದೇವನಹಳ್ಳಿಗೆ, ಹೆದ್ದಾರಿ ಪಕ್ಕದ ಆಸ್ಪತ್ರೆಗೆ ಹೋಯಿತು. ರಸ್ತೆಯ ಒಂದೊಂದು ಉಬ್ಬೂ ನನ್ನ ಕಾಲಿಗೆ ಗೊತ್ತಾಯಿತು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿದ್ದವರು ಡಾಕ್ಟರ್ ಅನುಪಮಾ. ನನ್ನ ಮಗಳಿಗಿಂತ ಕೆಲವೇ ವರ್ಷ ದೊಡ್ಡವರಂತೆ ಕಂಡರು. ಗಾಯ ನೋಡಿದರು, ಗೆರೆ ನೋಡಿದರು, ಬಿ.ಪಿ. ನೋಡಿದರು. ಬೆರಳು ಚುಚ್ಚಿ ಸಕ್ಕರೆ ನೋಡಿ, "ಶುಗರ್ ಇದೆ ಅಂತ ಗೊತ್ತಿತ್ತಾ ನಿಮಗೆ?" ಎಂದು ಕೇಳಿದರು. ಗೊತ್ತಿರಲಿಲ್ಲ. ಆಮೇಲೆ ಗೆರೆಯ ಹೊರಗೆ, ಮೊಣಕಾಲಿನವರೆಗೆ, ಮೆಲ್ಲಗೆ ಒತ್ತುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೊರಗಡೆ ಇಷ್ಟೇ ಇದೆ. ನೋವು ಯಾಕೆ ಇಷ್ಟೊಂದಿದೆ?"

ಅದನ್ನು ಅವರು ನನ್ನನ್ನು ಕೇಳಲಿಲ್ಲ, ತಮ್ಮನ್ನೇ ಕೇಳಿಕೊಂಡರು. ಎರಡು ದಿನದಲ್ಲಿ ಡಾಕ್ಟರೊಬ್ಬರು ನನ್ನ ನೋವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೊದಲ ಮಾತು ಅದು. ಕಾಲು ಇನ್ನೂ ಉರಿಯುತ್ತಿತ್ತು, ಆದರೂ ಎದೆಯ ಮೇಲಿದ್ದ ಏನೋ ಇಳಿದಂತಾಯಿತು.

ಚಕ್ರದ ಮೇಲಿನ ಪುಟ್ಟ ಸ್ಕ್ಯಾನಿಂಗ್ ಮಷೀನು ಎಳೆದು ತಂದರು. ಕಾಲಿಗೆ ತಣ್ಣನೆಯ ಜೆಲ್ ಹಚ್ಚಿದರು. ಸಹನಾ ಹೊಟ್ಟೆಯಲ್ಲಿದ್ದಾಗ ಮಾಡಿಸಿದ ಸ್ಕ್ಯಾನಿಂಗು ನೆನಪಾಗಿ, "ನಂಗೀಗ ಮಕ್ಕಳಾಗೋ ವಯಸ್ಸಲ್ಲ ಡಾಕ್ಟ್ರೇ" ಅಂದೆ. ಜ್ವರದ ಮಾತೋ ತಮಾಷೆಯೋ, ನನಗೇ ಗೊತ್ತಿಲ್ಲ. ಅವರು ನಕ್ಕರು. ನಗುತ್ತಲೇ ಪರದೆ ನೋಡುತ್ತಿದ್ದವರು ನಗು ನಿಲ್ಲಿಸಿದರು. ಮಾಂಸದ ಮೇಲಿನ ಪದರದ ಉದ್ದಕ್ಕೂ ನೀರು ತುಂಬಿದಂತಿದೆ ಎಂದರು.

ಅವರು ಮಾಡಿದ ಮೊದಲ ಕೆಲಸ ಸರ್ಜನ್‌ಗೆ ಫೋನು. ಸಲೈನು, ಆಂಟಿಬಯೋಟಿಕ್ ಇಂಜೆಕ್ಷನ್ನು ಆಗಲೇ ಶುರುವಾಗಿತ್ತು. ಆಮೇಲೆ ಯಜಮಾನರನ್ನು ಕರೆದು ಹೇಳಿದರು: "ಸಿ.ಟಿ. ಸ್ಕ್ಯಾನ್ ಮಾಡಿಸ್ತೀನಿ. ಅದರಲ್ಲಿ ಏನೂ ಕಾಣದಿದ್ರೂ ಸರ್ಜನ್ ಬಂದು ನೋಡ್ತಾರೆ, ಅವರಿಗೆ ಅನುಮಾನ ಇದ್ರೆ ಆಪರೇಷನ್ ಮಾಡ್ತಾರೆ. ಸ್ಕ್ಯಾನಿಗೋಸ್ಕರ ಆಪರೇಷನ್ ಕಾಯಲ್ಲ. ಆದ್ರೆ ಎಲ್ಲೀ ತನಕ ಹೋಗಿದೆ ಅಂತ ಗೊತ್ತಾದ್ರೆ ಒಳ್ಳೇದು."

"ಏನು ಎಲ್ಲೀ ತನ್ಕ ಹೋಗಿರೋದು?" ಎಂದು ಯಜಮಾನರು ಕೇಳಿದರು.

"ಸೋಂಕು. ಚರ್ಮದ ಕೆಳಗೆ, ಮಾಂಸದ ಪದರದಲ್ಲಿ ಹರಡೋ ಜಾತಿ ಇರ್ಬಹುದು ಅಂತ ನನಗೆ ಭಯ."

ಡಾಕ್ಟರೊಬ್ಬರು ಭಯ ಎಂಬ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು.

ಸಿ.ಟಿ. ಸ್ಕ್ಯಾನ್ ಕೋಣೆಯ ಹೊರಗೆ ಸಾಲಾಗಿ ಕುರ್ಚಿಗಳಿದ್ದವು. ನನ್ನನ್ನು ಸ್ಟ್ರೆಚರಿನಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದರು. ಮುಂದಿನ ಸರದಿ ದೇವನಹಳ್ಳಿ ಪಕ್ಕದ ವಿಜಯಪುರದ ಕಡೆಯ ಒಬ್ಬ ಅಜ್ಜನದು. ಬೈಕಿನಿಂದ ಬಿದ್ದು ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ. ಎಲ್ಲ ಸರಿಯಾಗೇ ಇದೆ, ಸುಮ್ಮನೆ ಮಗ ಎಳೆದುಕೊಂಡು ಬಂದಿದ್ದಾನೆ ಎಂದು ಗೊಣಗುತ್ತಿದ್ದ. ಕಾಲು ಅಲುಗಿದಾಗ ನಾನು ಹಲ್ಲು ಕಚ್ಚಿ ನರಳಿದ್ದು ಅವನಿಗೆ ಕೇಳಿಸಿತು. ಬಾಗಿಲು ತೆರೆದು ಅವನ ಹೆಸರು ಕರೆದಾಗ ಅವನು ಏಳಲಿಲ್ಲ.

"ಆಯಮ್ಮನ್ನ ಒಳೀಕ್ ಕರ್ಕೊಳ್ರಪ್ಪ ಮೊದ್ಲು. ನಂದೇನು, ತಲೆ ಇದ್ದಲ್ಲೇ ಐತೆ" ಅಂದ.

ಅವನ ಮಗ ಏನೋ ಹೇಳಹೋದ. ಅಜ್ಜ ಅವನತ್ತ ತಿರುಗಿಯೂ ನೋಡಲಿಲ್ಲ. ಆ ಅಜ್ಜನ ಹೆಸರು ನನಗೆ ಈಗ ನೆನಪಿಲ್ಲ. ದಿನಾ ದೀಪ ಹಚ್ಚುವಾಗ ಅವನಿಗಾಗಿ ಕೈ ಮುಗಿಯುತ್ತೇನೆ.

ಮೂತ್ರಪಿಂಡಕ್ಕೆ ತೊಂದರೆಯಾದೀತೆಂದು ಚಿತ್ರ ಚೆನ್ನಾಗಿ ಮೂಡಲೆಂದು ಹಾಕುವ ಬಣ್ಣದ ಇಂಜೆಕ್ಷನ್ ಕೊಡದೆ ಹಾಗೆಯೇ ಸ್ಕ್ಯಾನ್ ಮಾಡಿದರು. ದೊಡ್ಡ ಬಳೆಯಂಥ ಮಷೀನು. ಅದರೊಳಗೆ ಹಲಗೆ ಮೆಲ್ಲಗೆ ಹೋಗಿ ಬರುತ್ತದೆ. ನೋವಾಗುವಂಥದ್ದೇನೂ ಇಲ್ಲ, ಅಲುಗಾಡದೆ ಮಲಗುವುದೇ ಕಷ್ಟ. ಕೋಣೆ ತುಂಬಾ ತಣ್ಣಗಿತ್ತು. ಒಳಗೆ ಬಿಟ್ಟು ಎಲ್ಲರೂ ಹೊರಗೆ ಹೋದ ಮೇಲೆ ಹೆದರಿಕೆಯಾಯಿತು. ಗಾಜಿನ ಆಚೆ ಯಾರೋ ಮಾತಾಡುತ್ತಿದ್ದರು, ತುಟಿ ಮಾತ್ರ ಕಾಣುತ್ತಿತ್ತು. ಸಹನಾಗೆ ತಿಂಡಿ ಡಬ್ಬಿ ಕಟ್ಟಿಕೊಟ್ಟಿದ್ದು ಇವತ್ತೋ ನಿನ್ನೆಯೋ ಎಂದು ಯೋಚಿಸುತ್ತಿದ್ದೆ. ಯೋಚನೆ ಮುಗಿಯುವ ಮುಂಚೆಯೇ ಹಲಗೆ ಹೊರಗೆ ಬಂತು.

ಪರದೆಯ ಮುಂದೆ ನಡೆದದ್ದನ್ನು ಯಜಮಾನರು ಆಮೇಲೆ ನನಗೆ ಹೇಳಿದರು. ಸ್ಕ್ಯಾನಿಂಗ್ ಡಾಕ್ಟರು ಅವರನ್ನೂ ಅತ್ತೆಯನ್ನೂ ಒಳಗೆ ಕರೆದರಂತೆ. ಎರಡೂ ಕಾಲನ್ನು ಅಡ್ಡಡ್ಡ ಕೊಯ್ದು ಪಕ್ಕಪಕ್ಕ ಇಟ್ಟಂಥ ಚಿತ್ರ. ಬಲಗಾಲಿನಲ್ಲಿ ಕೊಬ್ಬು, ಮಾಂಸ, ಮೂಳೆ ಬೇರೆ ಬೇರೆಯಾಗಿ ಚೊಕ್ಕಟವಾಗಿದ್ದವು. ಎಡಗಾಲಿನಲ್ಲಿ ಮಾಂಸದ ಸುತ್ತಲಿನ ಗೆರೆಗಳು ದಪ್ಪಗಾಗಿ ಕದಡಿಹೋಗಿದ್ದವು. ಆ ಕದಡಿನ ನಡುವೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು.

"ಇದು ಗಾಳಿ" ಎಂದರಂತೆ ಡಾಕ್ಟರು. "ಇಲ್ಲಿ ಗಾಳಿ ಇರಬಾರದು."

"ಚರ್ಮದ ಮೇಲೆ ಗೆರೆ ದಾಟಿಲ್ಲವಲ್ಲ ಸಾರ್?"

"ಆ ಗೆರೆ ಚರ್ಮಕ್ಕೆ ಎಳೆದಿದ್ದು. ಇದು ಒಳಗಡೆ ಅಲ್ಲಿಂದ ಇಷ್ಟು ಮೇಲಕ್ಕೆ ಹೋಗಿದೆ ನೋಡಿ." ಅವರ ಬೆರಳು ಮೊಣಕಾಲಿನ ಕೆಳಗೆ ಬಂದು ನಿಂತಿತಂತೆ.

ಅತ್ತೆಗೆ ಚಿತ್ರ ಅರ್ಥವಾಗಲಿಲ್ಲ, ಗಾಳಿ ಅರ್ಥವಾಯಿತು. ಹಸು ಸಾಕಿ ಮುದುಕಿಯಾದವರು ಅವರು. "ದನಕ್ಕೆ ಚಪ್ಪೆ ಬೇನೆ ಬಂದಂಗಾ ಸ್ವಾಮಿ? ತೊಡೆ ಊದ್ಕಂಡು ಒಳ್ಗೆ ಗಾಳಿ ತುಂಬ್ಕತದೆ. ನಮ್ಮನೆಲಿ ಒಂದು ಕಡಸು ಹಂಗೇ ಹೋಯ್ತು, ಬೆಳಗಾಗೋದ್ರೊಳ್ಗೆ" ಎಂದು ಹೇಳಿ ಗೋಡೆ ಹಿಡಿದುಕೊಂಡರಂತೆ.

"ಹೆಚ್ಚು ಕಮ್ಮಿ ಆ ಥರದ್ದೇ ಅಮ್ಮ" ಎಂದರು ಡಾಕ್ಟರು. "ಆದ್ರೆ ಇವರನ್ನ ಬೇಗ ಕರ್ಕೊಂಡು ಬಂದಿದೀರ, ಇನ್ನೂ ಹೊತ್ತು ಮೀರಿಲ್ಲ. ಇದು ಹೊರಗೆ ಕಾಣೋ ಹೊತ್ತಿಗೆ ಬಂದಿದ್ರೆ ನನಗೆ ಈ ಮಾತು ಹೇಳೋಕೆ ಆಗ್ತಿರ್ಲಿಲ್ಲ."

ಸರ್ಜನ್ ಸುದರ್ಶನ್ ಅವರು ಬಂದು ನನ್ನ ಪಕ್ಕ ನಿಂತರು. ಎತ್ತರದ ಆಳು, ಮೆಲುದನಿ. ಕೊಳೆತ ಪದರವನ್ನೆಲ್ಲ ಈಗಲೇ ತೆಗೆಯಬೇಕು, ನಾಳೆ ಮತ್ತೆ ಬಿಚ್ಚಿ ನೋಡಬೇಕು ಎಂದರು. ಯಜಮಾನರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಲೇ ಎಂದು ಕೇಳಿದರು. ನಮ್ಮ ಕಡೆಯವರಿಗೆ ಜೀವದ ಪ್ರಶ್ನೆ ಬಂದಾಗ ಬೆಂಗಳೂರೇ ಗತಿ ಎಂಬ ನಂಬಿಕೆ.

"ಬೇಡ ಅನ್ನಲ್ಲ" ಎಂದರು ಸರ್ಜನ್. "ಆದ್ರೆ ಈಗ ಹೊರಟು, ಹೆಬ್ಬಾಳದ ಟ್ರಾಫಿಕ್ ದಾಟಿ, ಅಲ್ಲಿ ಸೇರಿಸಿಕೊಂಡು, ಅವರು ಮತ್ತೆ ನೋಡಿ... ಆ ಹೊತ್ತು ಇವರ ಕಾಲಿಗಿಲ್ಲ. ಮೊದಲು ನಾನು ಕೊಳೆತದ್ದನ್ನ ತೆಗೆದುಬಿಡ್ತೀನಿ. ಆಮೇಲೆ ಬೇಕಾದ್ರೆ ನಾನೇ ಆಂಬುಲೆನ್ಸಲ್ಲಿ ಕಳಿಸ್ತೀನಿ."

ಆ ರಸ್ತೆಯಲ್ಲಿ ದಿನಾ ಓಡಾಡುವವಳು ನಾನು. ಹೆಬ್ಬಾಳದಲ್ಲಿ ಬಸ್ಸು ನಿಂತರೆ ವಿಮಾನ ತಪ್ಪಿಸಿಕೊಂಡವರ ಮುಖ ಹೇಗಿರುತ್ತದೆಂದು ನೋಡಿದ್ದೆ. "ಇಲ್ಲೇ ಮಾಡಿಸ್ರೀ" ಅಂದೆ.

ಆಮೇಲೆ ಸರ್ಜನ್ ಅವರನ್ನು ಕೇಳಿದೆ. "ಕಾಲು ತೆಗೀತೀರಾ?"

ಅವರು ಸ್ಟೂಲ್ ಎಳೆದುಕೊಂಡು ಕೂತರು. "ನಿಮ್ಮನ್ನ ಉಳಿಸೋದು ಮೊದಲ ಕೆಲಸ. ಅದಕ್ಕೆ ಕಾಲು ತೆಗೀಲೇಬೇಕು ಅಂದ್ರೆ ತೆಗೀತೀನಿ. ಆದ್ರೆ ಚಿತ್ರ ನೋಡಿದ್ರೆ ಮಾಂಸದೊಳಗೆ ಇನ್ನೂ ಹೋಗಿರೋ ಹಾಗೆ ಕಾಣಲ್ಲ, ಮೇಲಿನ ಪದರದಲ್ಲೇ ಇದೆ. ಅದಕ್ಕೇ ನನಗೆ ಆಸೆ ಇದೆ."

ಖಂಡಿತ ಉಳಿಸುತ್ತೇನೆ ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಆಸೆ ಇದೆ ಅಂದದ್ದನ್ನು ನಂಬಿದೆ. ಯಜಮಾನರು ಸಹಿ ಮಾಡಿದರು. ನನ್ನ ಸೆರಗಿನ ತುದಿಯಲ್ಲಿ ಅತ್ತೆ ಏನೋ ಗಂಟು ಹಾಕುತ್ತಿದ್ದರು. ಸಿಸ್ಟರ್ ಬಂದು ಸೀರೆಯನ್ನೇ ಬದಲಾಯಿಸಬೇಕು ಅಂದಾಗ ಗಂಟು ಬಿಚ್ಚಿ, ಒಂದು ರೂಪಾಯಿ ನಾಣ್ಯ ತೆಗೆದು ತಮ್ಮ ಸೆರಗಿಗೆ ಕಟ್ಟಿಕೊಂಡರು. ಯಾವ ದೇವರಿಗೆಂದು ಕೇಳಲು ಹೊತ್ತಾಗಲಿಲ್ಲ.

ಎಚ್ಚರವಾದಾಗ ಮೊದಲು ಮಾಡಿದ್ದು ಎಡಗಾಲಿನ ಬೆರಳು ಅಲುಗಿಸಿದ್ದು. ಅಲುಗಿತೋ, ಅಲುಗಿದಂತೆ ಅನಿಸಿತೋ ಗೊತ್ತಾಗಲಿಲ್ಲ. ಐಸಿಯುವಿನ ಸಿಸ್ಟರ್ ಒಬ್ಬರು ಹೊದಿಕೆ ಎತ್ತಿ ನನ್ನ ಹೆಬ್ಬೆರಳು ಹಿಡಿದು ಅಲ್ಲಾಡಿಸಿ, "ಇಲ್ಲೇ ಇದೆಯಮ್ಮ, ನೋಡಿ" ಅಂದರು. ಅವರ ಹೆಸರು ಮೇರಿ. ಕೇಳುವ ಮೊದಲೇ ಉತ್ತರ ಕೊಡುವವರು ಜಗತ್ತಿನಲ್ಲಿ ಕಡಿಮೆ. ಮೇರಿ ಸಿಸ್ಟರ್ ಅಂಥವರು.

ಮರುದಿನ ಮತ್ತೆ ಆಪರೇಷನ್ ಥಿಯೇಟರಿಗೆ ಕರೆದೊಯ್ದರು, ಇನ್ನಷ್ಟು ತೆಗೆದರು. ಅದಾದ ಮೇಲೆ ಸರ್ಜನ್ ಬಂದು, "ಇನ್ನು ಹರಡ್ತಿಲ್ಲ" ಅಂದರು. ಯಜಮಾನರು ಅವರ ಕೈ ಹಿಡಿದುಕೊಂಡು ಬಿಡದೇ ನಿಂತುಬಿಟ್ಟರು. ಸರ್ಜನ್ ಕೈ ಬಿಡಿಸಿಕೊಳ್ಳಲಿಲ್ಲ, ಹಾಗೇ ಸ್ವಲ್ಪ ಹೊತ್ತು ನಿಂತಿದ್ದರು.

ಭಯದ ದಿನಗಳು ಬೇಗ ಮುಗಿದವು. ಬೇಸರದ ದಿನಗಳು ಉದ್ದವಾಗಿದ್ದವು. ವಾರ್ಡಿಗೆ ಬಂದ ಮೇಲೆ ವಿಮಾನಗಳು ಇಳಿಯುವ ಸದ್ದು ದಿನವೆಲ್ಲ ಕೇಳುತ್ತಿತ್ತು. ಯಾವುದಾದರೂ ಒಂದು ಇಳಿದರೆ, ಈಗ ನಮ್ಮ ಬಸ್ಸು ಯಾವ ಸ್ಟಾಪಿನಲ್ಲಿರಬಹುದು ಎಂದು ಅಂದಾಜು ಕಟ್ಟುತ್ತಿದ್ದೆ. ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟಿದ್ದರು. ಡ್ರೆಸ್ಸಿಂಗ್ ಮಾಡುವಾಗ ನಾನು ಕಿಟಕಿಯ ಕಡೆ ಮುಖ ಮಾಡಿಕೊಳ್ಳುತ್ತಿದ್ದೆ. ನನ್ನ ಕಾಲಿನಲ್ಲಿ ಏನಿದೆ ಎಂದು ನನಗಿಂತ ಚೆನ್ನಾಗಿ ಬೇರೆಯವರಿಗೆ ಗೊತ್ತಿತ್ತು. ಮೊದಲ ದಿನ ನೋಡಿದ ಯಜಮಾನರು ಹೊರಗೆ ಹೋಗಿ ವಾಂತಿ ಮಾಡಿಕೊಂಡರಂತೆ. ಆಮೇಲೆ ಒಳಗೆ ಬಂದು, "ಏನೂ ಇಲ್ಲ ಕಣೇ, ಸಣ್ಣದು" ಅಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ.

ನೋಡಿಸಿದವಳು ಸಹನಾ. ಮೊದಮೊದಲು ಅವಳೂ ಬಾಗಿಲ ಬಳಿ ನಿಲ್ಲುತ್ತಿದ್ದಳು. ನನ್ನ ಮೇಲೆ ಕೋಪವೂ ಇತ್ತು ಅವಳಿಗೆ. "ಅಷ್ಟು ನೋಯ್ತಿದ್ರೂ ನನ್ ಡಬ್ಬಿ ಕಟ್ಟಿದ್ಯಲ್ಲ, ಯಾರು ಕೇಳಿದ್ರು ನಿನ್ನ?" ಎಂದು ಅತ್ತಳು. ಒಂದು ದಿನ ಮೇರಿ ಸಿಸ್ಟರ್ ಡ್ರೆಸ್ಸಿಂಗ್ ಬಿಚ್ಚಿದಾಗ ಹತ್ತಿರ ಬಂದು ನಿಂತು ಬಹಳ ಹೊತ್ತು ನೋಡಿದಳು.

"ಅಮ್ಮ, ದಾಳಿಂಬೆ ಕಾಳು ಬಿಡಿಸಿಟ್ಟಂಗೆ ಕೆಂಪಗೆ ಇದೆ. ಚೆನ್ನಾಗಿದೆ ಕಣಮ್ಮ."

"ಚೆನ್ನಾಗಿದೆಯಾ?"

"ಹೌದಮ್ಮ, ಆ ಕೆಂಪು ಒಳ್ಳೇದು" ಎಂದರು ಮೇರಿ ಸಿಸ್ಟರ್. "ಹೊಸ ಮಾಂಸ ಬರ್ತಿದೆ."

ನಾನು ತಿರುಗಿ ನೋಡಿದೆ. ಅಂಗೈಗಿಂತ ದೊಡ್ಡ ಹಳ್ಳ. ಮೀನಖಂಡದ ಒಂದು ಬದಿಯೇ ಇರಲಿಲ್ಲ. ಆದರೆ ಮಗಳು ಹೇಳಿದ್ದು ನಿಜ, ದಾಳಿಂಬೆಯಂತೆಯೇ ಇತ್ತು. ಅಂದಿನಿಂದ ಕಿಟಕಿಯ ಕಡೆ ತಿರುಗುವುದನ್ನು ಬಿಟ್ಟೆ. ಕೆಲವು ವಾರಗಳ ನಂತರ ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಿದರು. ಯಾರೂ ಹೇಳದ ಒಂದು ವಿಷಯ ಹೇಳಿಬಿಡುತ್ತೇನೆ: ಚರ್ಮ ಹಾಕಿದ ಜಾಗಕ್ಕಿಂತ ಚರ್ಮ ತೆಗೆದ ಜಾಗ ಹೆಚ್ಚು ಉರಿಯುತ್ತದೆ. ಮೊದಲೇ ಗೊತ್ತಿದ್ದರೆ ಏನೋ ಕೆಟ್ಟಿದೆ ಎಂದು ಹೆದರಬೇಕಿಲ್ಲ.

ಮನೆಗೆ ಬಂದ ಮೇಲೆ ಇನ್ಸುಲಿನ್ ಜೊತೆ ಬದುಕು ಶುರುವಾಯಿತು. ಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂದು ಅತ್ತೆಯ ವಾದ, ಮುದ್ದೆಯ ಗಾತ್ರವೂ ಮುಖ್ಯ ಎಂದು ಡಾಕ್ಟರ ವಾದ. ಕೊನೆಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ ಕಟ್ಟಿ ನನ್ನ ತಟ್ಟೆಗೆ ಹಾಕಿ, "ಇದ್ನ ಮುದ್ದೆ ಅಂತಾರಾ?" ಎಂದು ಅತ್ತೆ ನಗುತ್ತಾರೆ. ಕಾಲಿನಲ್ಲಿ ಮೊದಲಿನ ಬಲವಿಲ್ಲ. ಚಳಿಗಾಲದಲ್ಲಿ ಹಳ್ಳದ ಜಾಗ ಜೋಮು ಹಿಡಿಯುತ್ತದೆ. ಕೆಲವು ತಿಂಗಳು ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಆಮೇಲೆ ನಾನೇ ಕೇಳಿ ಬಸ್ಸಿಗೆ ಹೋದೆ. ಹೊರಟ ದಿನ ಡ್ರೈವರ್ ಕೃಷ್ಣಪ್ಪ ಬ್ರೇಕನ್ನು ಮಗು ಮಲಗಿಸಿದಷ್ಟು ಮೆಲ್ಲಗೆ ಒತ್ತುತ್ತಾ ಬಂದರು. "ಹಿಂಗೆ ಓಡಿಸಿದ್ರೆ ಎಲ್ಲರ ಫ್ಲೈಟೂ ಹೋಯ್ತದೆ ಅಣ್ಣ" ಅಂದೆ.

ಕಳೆದ ವರ್ಷ ಸೂಲಿಬೆಲೆಯಿಂದ ರೇಣುಕಾಳ ಫೋನು ಬಂತು. ನನ್ನ ತವರಿನ ಪಕ್ಕದ ಮನೆಯವಳು, ಜೊತೆಗೆ ಬೆಳೆದವಳು. ಅವಳ ಗಂಡ ನಾರಾಯಣಸ್ವಾಮಿಗೆ ಮೇವು ಕತ್ತರಿಸುವಾಗ ಮುಂಗೈಗೆ ಏಟಾಗಿತ್ತು. "ಗಾಯ ಏನೂ ದೊಡ್ಡದಿಲ್ಲ ವಿಜಿ, ಆದ್ರೆ ನೋವು ತಡ್ಕಳಾಕ್ ಆಗ್ತಿಲ್ಲ ಅಂತಾರೆ. ಸುಮ್ನೆ ಆಡ್ತಾರೋ ಏನೋ, ಗಂಡಸ್ರು" ಅಂದಳು.

"ಸುಮ್ನೆ ಆಡ್ತಾರೆ ಅಂತ ನೀನು ಅನ್ಕೋಬೇಡ. ಹೊರಡಿ. ನಾನೂ ಬರ್ತೀನಿ."

ಅದೇ ಆಸ್ಪತ್ರೆ. ಡಾಕ್ಟರ್ ಅನುಪಮಾ ಅಲ್ಲಿರಲಿಲ್ಲ, ಬೇರೆ ಯಾರೋ ಇದ್ದರು. ನೋವು ಗಾಯಕ್ಕಿಂತ ಹೆಚ್ಚಿದೆ, ನನಗೆ ಹೀಗಾಗಿತ್ತು ಎಂದು ಹೇಳಿದೆ. ಅವರು ಕೇಳಿಸಿಕೊಂಡರು, ಕೈ ಒತ್ತಿ ನೋಡಿದರು, ರಕ್ತ ತೆಗೆದರು, ಸರ್ಜನ್‌ಗೆ ತೋರಿಸಿದರು, ಸ್ಕ್ಯಾನಿಗೆ ಕಳಿಸಿದರು. ನಾರಾಯಣಸ್ವಾಮಿಯನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ರೇಣುಕಾ ಮತ್ತು ನಾನು ಹೊರಗೆ ಕೂತೆವು.

ಅಷ್ಟು ದಿನ ಆಸ್ಪತ್ರೆಯಲ್ಲಿದ್ದರೂ ಆ ಬಾಗಿಲಿನ ಹೊರಗಡೆ ನಾನು ಕೂತಿರಲೇ ಇಲ್ಲ. ಒಳಗಿನ ತಂಪು ಗೊತ್ತಿತ್ತು, ಹಲಗೆ ಗೊತ್ತಿತ್ತು, ಗಾಜು ಗೊತ್ತಿತ್ತು. ಹೊರಗೆ ಕೂತವರಿಗೆ ಒಂದು ಬಾಗಿಲು ಮಾತ್ರ ಕಾಣುತ್ತದೆ. ರೇಣುಕಾ ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಬಳೆಗಳು ನನ್ನ ಮಣಿಕಟ್ಟಿಗೆ ಒತ್ತುತ್ತಿದ್ದವು. ಒಳಗೆ ಎಲ್ಲ ಬೇಗ ಮುಗಿಯುತ್ತದೆ ಎಂದು ಅವಳಿಗೆ ಹೇಳಿದೆ. ಹೊರಗೆ ಹಾಗನ್ನಿಸುವುದಿಲ್ಲ ಎಂಬುದು ಆ ಮಾತು ಹೇಳುವಾಗಲೇ ನನಗೆ ತಿಳಿಯಿತು.

ಏನೂ ಇರಲಿಲ್ಲ. ಚರ್ಮದ ಕೆಳಗೆ ಬರೀ ಊತ. ಸರ್ಜನ್ ಮತ್ತೊಮ್ಮೆ ಕೈ ನೋಡಿ, ಒಂದು ದಿನ ಇಟ್ಟುಕೊಂಡು ನೋಡುತ್ತೇವೆ, ಮಾತ್ರೆಯಲ್ಲೇ ವಾಸಿಯಾಗುತ್ತದೆ ಅಂದರು. ನಾರಾಯಣಸ್ವಾಮಿಗೆ ನಾಚಿಕೆಯಾಯಿತು.

"ಸುಮ್ನೆ ನಿಮ್ಮನ್ನೆಲ್ಲ ಓಡಾಡಿಸಿಬಿಟ್ಟೆ ಅಕ್ಕ. ಏನೂ ಇಲ್ವಂತೆ."

"ಏನೂ ಇಲ್ಲ ಅನ್ನಿಸ್ಕೊಳ್ಳೋಕೇ ಕಣಪ್ಪ ಬಂದಿದ್ದು" ಅಂದೆ. ರೇಣುಕಾ ನಗುತ್ತಾ ಅಳುತ್ತಾ ಕ್ಯಾಂಟೀನಿನಿಂದ ಎಲ್ಲರಿಗೂ ಕಾಫಿ ತಂದಳು. ನನ್ನದಕ್ಕೆ ಸಕ್ಕರೆ ಹಾಕಿಸಿಬಿಟ್ಟಿದ್ದಳು. ಅವಳಿಗೆ ಬೇಜಾರಾಗಬಾರದೆಂದು ಒಂದು ಗುಟುಕು ಕುಡಿದು ಪಕ್ಕಕ್ಕಿಟ್ಟೆ.

ಸಂಜೆ ಮನೆಗೆ ಬಂದಾಗ ಯಜಮಾನರು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಕಂಬಕ್ಕೆ ಒರಗಿಕೊಂಡು ನಡೆದದ್ದೆಲ್ಲ ಹೇಳಿದೆ. ನಮ್ಮ ಮನೆಯಲ್ಲಿ ನನ್ನ ಕಾಯಿಲೆಯ ಮಾತು ಎಷ್ಟೋ ಸಲ ಆಗಿತ್ತು. ನನಗೆ ಹೇಗಾಗಿತ್ತು, ಎಷ್ಟು ನೋಯುತ್ತಿತ್ತು ಎಂದು ಕೇಳದ ನೆಂಟರಿಲ್ಲ. ಅವರಿಗೆ ಹೇಗಾಗಿತ್ತು ಎಂದು ನಾನು ಕೇಳಿದ್ದೇ ಇಲ್ಲ.

"ಅವತ್ತು ನನ್ನ ಒಳಗಡೆ ಕರ್ಕೊಂಡು ಹೋದ್ಮೇಲೆ, ನೀವು ಅಷ್ಟೊತ್ತು ಹೊರಗಡೆ ಹೆಂಗ್ರೀ ಕೂತಿದ್ರಿ?"

ಹಾಲಿನ ಧಾರೆಯ ಸದ್ದು ನಿಂತಿತು. ಹಸು ಕತ್ತು ತಿರುಗಿಸಿ ನೋಡಿತು.

"ಕೂತಿರ್ಲಿಲ್ಲ ಕಣೇ" ಅಂದರು. "ನಿಂತೇ ಇದ್ದೆ."

ಆಮೇಲೆ ಮತ್ತೆ ಹಾಲು ಕರೆಯತೊಡಗಿದರು. ನಾನು ಅಲ್ಲೇ, ಅವರ ಪಕ್ಕದಲ್ಲಿ, ನೆಲದ ಮೇಲೆ ಕೂತೆ.